ಹೋದ ದೀಪಾವಳಿಯ ಪೆಟ್ರೋಲ್

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ನಾನು ತುಂಬಿ ಹರಿಯುತ್ತಿದ್ದ ಕೃಷ್ಣಾ ನದಿಯ ನಟ್ಟನಡುವೆ, ಒಂದು ದೋಣಿಯಲ್ಲಿ ನಿಂತು, ಒಂದು ಜಾಲಿ ಮರವನ್ನು ತಬ್ಬಿಕೊಂಡಿದ್ದೆ.

ಹೌದು, ಜಾಲಿ ಮರ. ಮುಳ್ಳಿನ ಸಮೇತ.

ಮರದ ಮುಕ್ಕಾಲು ಪಾಲು ನೀರಿನೊಳಗೆ, ಉಳಿದ ಕಾಲು ಪಾಲು ನನ್ನ ತೋಳಿನೊಳಗೆ. ನನ್ನ ಎರಡು ಕಾಲುಗಳ ನಡುವೆ ಒಂದು ಐಸ್ ಡಬ್ಬಿ. ಹಿಂದೆ ದೋಣಿ ನಡೆಸುವ ಖಾಸಿಂ ಸಾಬರು ಎಂಜಿನ್ನಿನ ಮುಚ್ಚಳ ಬಿಚ್ಚಿಕೊಂಡು ಕೂತಿದ್ದರು. ಮುಂದೆ ದುರುಗವ್ವ ಎನ್ನುವ ಹೆಣ್ಣುಮಗಳು ಹುಟ್ಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಡಾಕ್ಟ್ರ, ಎಮ್ಮಿ ಬಾಲ ಹಿಡಿದಂಗ ಹಿಡೀಬ್ಯಾಡ್ರಿ. ಕೊಂಬು ಹಿಡಿದಂಗ ಗಟ್ಟಿ ಹಿಡೀರಿ!"

ಹಿಡಿದೆ. ಬೇರೆ ದಾರಿ ಇತ್ತೇ?

ನನ್ನ ಕಾಯಂ ಓದುಗರಿಗೆ ಗೊತ್ತು, ನಾನು ದೇವದುರ್ಗದಲ್ಲಿ ದನದ ಡಾಕ್ಟರು. ಮರ ಹತ್ತುವುದು, ಮರ ತಬ್ಬುವುದು ನನ್ನ ಕೆಲಸದ ಪಟ್ಟಿಯಲ್ಲಿಲ್ಲ. ಅಲ್ಲಿಗೆ ಹೇಗೆ ಹೋದೆ ಎಂದು ಹೇಳುತ್ತೇನೆ. ತಪ್ಪು ಯಾರದು ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ: ನನ್ನದು. ನೂರಕ್ಕೆ ನೂರು ನನ್ನದು.

ಹಿಂದಿನ ದಿನ, ಸೋಮವಾರ, ದುರುಗವ್ವ ನದಿ ದಾಟಿ ನಮ್ಮ ದವಾಖಾನೆಗೆ ಬಂದಿದ್ದಳು. ನದಿಯ ನಡುವಿನ ನಡುಗಡ್ಡೆಯಲ್ಲಿ ಅವಳ ಊರು. ಮೂವತ್ತು ಮನೆ, ನೂರೈವತ್ತರ ಮೇಲೆ ದನ, ಎಮ್ಮೆ. ಹೊಳೆ ತುಂಬಿದಾಗ ಅವರಿಗೆ ಹೊರಜಗತ್ತಿಗೆ ದಾರಿ ಎಂದರೆ ಚರ್ಮ ಕಟ್ಟಿದ ಹರಿಗೋಲು. ಅದನ್ನು ಒಬ್ಬಳೇ ತೇಲಿಸಿಕೊಂಡು ಬಂದು, ಸೀರೆಯ ಸೆರಗು ಹಿಂಡುತ್ತಾ ನನ್ನ ಮೇಜಿನ ಮುಂದೆ ನಿಂತಳು.

"ಎರಡು ಎಮ್ಮಿ ಸತ್ತಾವ ಸಾಹೇಬ್ರ. ಗಂಟಲ ಬಾತು, ಉಸಿರು ಸಿಗದಂಗಾಗಿ ಒಂದ ದಿನದಾಗ ಹೋದವು. ನಂದೊಂದು ಎಮ್ಮಿ ಅದ. ನಿನ್ನಿಯಿಂದ ಅದೂ ಮೇವು ಮುಟ್ಟವಲ್ದು."

ಗಂಟಲು ಬೇನೆ. ಮಳೆಗಾಲದಲ್ಲಿ ಒಂದು ಊರಿಗೆ ಹೊಕ್ಕರೆ ಕೊಟ್ಟಿಗೆಗೆ ಕೊಟ್ಟಿಗೆಯೇ ಖಾಲಿ ಮಾಡಿಬಿಡುತ್ತದೆ. ಇನ್ನೂ ಜ್ವರ ಬಾರದ ದನಗಳಿಗೆಲ್ಲ ಲಸಿಕೆ ಹಾಕಬೇಕು. ಲಸಿಕೆ ಇರುವುದು ರಾಯಚೂರಿನಲ್ಲಿ. ಐಸಿನಲ್ಲಿಟ್ಟು ತರಬೇಕು, ಐಸು ಕರಗುವುದರೊಳಗೆ ಚುಚ್ಚಬೇಕು. ದುರುಗವ್ವನಿಗೆ "ನಾಳೆ ಹತ್ತು ಗಂಟೆಗೆ ದಂಡೆಯ ಮೇಲಿರು" ಎಂದು ಹೇಳಿ ಇಲಾಖೆಯ ಜೀಪು ಹತ್ತಿದೆ.

ನದಿ ದಾಟಿಸುವವರು ಖಾಸಿಂ ಸಾಬರು. ಅರವತ್ತು ದಾಟಿದ ಮನುಷ್ಯ. ರಾಯಚೂರಿನಲ್ಲಿ ಮೂವತ್ತು ವರ್ಷ ಮೋಟರ್ ಮೆಕ್ಯಾನಿಕ್ ಆಗಿದ್ದವರು. ಮಳೆಗಾಲದ ಮೂರು ತಿಂಗಳು ತಾಲೂಕಿನ ದೋಣಿ ಅವರ ಕೈಗೆ ಬರುತ್ತದೆ. ಆ ದೋಣಿಯ ಹಿಂಬದಿಗೆ ಸಿಕ್ಕಿಸುವ ಒಂದು ಪುಟ್ಟ ಎಂಜಿನ್ ಇದೆ. ನೋಡಲು ಹೊಲಿಗೆ ಮಿಷನ್ನಿನಷ್ಟೇ ದೊಡ್ಡದು, ಕೆಳಗೆ ನೀರಿಗಿಳಿಯುವ ಒಂದು ಉದ್ದನೆಯ ಕಾಲು, ಕಾಲಿನ ತುದಿಗೆ ರೆಕ್ಕೆ. ತಲೆಯ ಮೇಲೇ ಟ್ಯಾಂಕು. ಹಗ್ಗ ಎಳೆದರೆ ಚಾಲೂ.

ಖಾಸಿಂ ಸಾಬರು ಆ ಎಂಜಿನ್ನಿಗೆ ಕುಡಿಸುವ ಪೆಟ್ರೋಲಿನ ಬಗ್ಗೆ ಇಟ್ಟುಕೊಂಡಿರುವ ಮಡಿ ನೋಡಿದರೆ ನಮ್ಮ ಮನೆಯ ಹಿರಿಯರು ನಾಚಬೇಕು. ತಿಂಗಳಿಗಿಂತ ಹಳೆಯದು ಮುಟ್ಟುವುದಿಲ್ಲ. ಐದು ಲೀಟರಿಗೆ ಎಷ್ಟು ಆಯಿಲ್ ಬೆರೆಸಬೇಕು ಎಂಬುದನ್ನು ಕೂಸಿನ ಹಾಲಿನ ಬಾಟ್ಲಿಯಲ್ಲಿ ಗೆರೆ ನೋಡಿ ಅಳೆಯುತ್ತಾರೆ. ಬೆರೆಸಿದ ಮೇಲೆ ಡಬ್ಬಿಯನ್ನು ನಿಧಾನ ಅಲುಗಾಡಿಸುತ್ತಾರೆ. ಟ್ಯಾಂಕಿಗೆ ಹಾಕುವಾಗ ಆಲಿಕೆಯ ಬಾಯಿಗೆ ಒಂದು ಮೆತ್ತನೆಯ ತೆಳು ಚರ್ಮದ ತುಂಡು ಹಾಸುತ್ತಾರೆ. ಪೆಟ್ರೋಲಿನಲ್ಲಿ ನೆನೆದ ಆ ಚರ್ಮ ಪೆಟ್ರೋಲನ್ನು ಮಾತ್ರ ಒಳಗೆ ಬಿಡುತ್ತದೆ, ನೀರು ಮೇಲೇ ಮಣಿಮಣಿಯಾಗಿ ನಿಲ್ಲುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಪೆಟ್ರೋಲಿನ ನಲ್ಲಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೂ ಓಡಿಸಿ, ಟ್ಯಾಂಕಿನಲ್ಲಿದ್ದರೂ ಎಂಜಿನ್ನಿನೊಳಗೆ ಹನಿ ಉಳಿಯದಂತೆ ಮಾಡುತ್ತಾರೆ. ಅವರ ಕಿವಿಯ ಹಿಂದೆ ಸದಾ ಒಂದು ಬೀಡಿ ಇರುತ್ತದೆ. ದೋಣಿಯ ಹತ್ತಿರ ಅದು ಹೊತ್ತಿದ್ದನ್ನು ನಾನು ಕಂಡಿಲ್ಲ.

ಇಂಥ ಮನುಷ್ಯ ನನ್ನ ಕೈಗೆ ತೊಳೆದು ಒಣಗಿಸಿದ ಡಬ್ಬಿ ಕೊಟ್ಟು ಒಂದೇ ಮಾತು ಹೇಳಿದ್ದರು.

"ಡಾಕ್ಟರ್ ಸಾಬ್, ನನ್ ಕಡೆ ಪೆಟ್ರೋಲ್ ಮುಗೀಲಿಕ್ಕೆ ಬಂದದ. ರಾಯಚೂರಾಗ ಬಂಕಿಗೆ ಹೋಗಿ ತಾಜಾ ಐದು ಲೀಟರ್ ಹಾಕಿಸಿಕೊಂಡು ಬರ್ರಿ. ಕುತ್ತಿಗಿ ತನಕ ತುಂಬಸ್ರಿ, ಮುಚ್ಚಳ ಬಿಗೀರಿ. ಅಷ್ಟ."

ಅಷ್ಟೇ. ಒಬ್ಬ ಪದವೀಧರನಿಗೆ ಇದೇನು ದೊಡ್ಡ ಕೆಲಸ?

ರಾಯಚೂರಿನಲ್ಲಿ ಲಸಿಕೆ ಸಿಕ್ಕಿತು. ಐಸ್‌ಕ್ಯಾಂಡಿ ಫ್ಯಾಕ್ಟರಿಯಲ್ಲಿ ಐಸೂ ಸಿಕ್ಕಿತು. ಬಂಕಿನಲ್ಲಿ ಮಾತ್ರ ‘ಸ್ಟಾಕ್ ಇಲ್ಲ’ ಎಂಬ ಬೋರ್ಡು. (ಆ ಬೋರ್ಡಿಗೆ ಎಂದೂ ಸ್ಟಾಕ್ ಕಡಿಮೆ ಬಿದ್ದದ್ದಿಲ್ಲ.) ರಾತ್ರಿ ಅಲ್ಲೇ ಉಳಿದು ಮಂಗಳವಾರ ಬೆಳಿಗ್ಗೆ ದೇವದುರ್ಗಕ್ಕೆ ಬಂದೆ. ಅಲ್ಲಿಯ ಬಂಕಿನವರು, "ಮಧ್ಯಾಹ್ನಕ್ಕ ಟ್ಯಾಂಕರ್ ಬರ್ತದ, ಕುಂದರ್ರಿ" ಎಂದರು. ಐಸು ಕೂರುತ್ತದೆಯೇ? ನಮ್ಮ ಜೀಪಿನಿಂದ ಬಗ್ಗಿಸಿಕೊಳ್ಳೋಣವೆಂದರೆ ಅದೋ, ಡೀಸೆಲ್ಲಿನದು.

ಆಗ ನನಗೆ ಥಟ್ಟನೆ ನೆನಪಾಯಿತು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ಖಜಾನೆ ಇದೆಯಲ್ಲ!

ಹೋದ ದೀಪಾವಳಿಯ ಹೊತ್ತಿಗೆ ಪೆಟ್ರೋಲ್ ಸಿಗದೆ ಒದ್ದಾಡಿದ್ದೆವಲ್ಲ, ಆಗ ನಾನು ಎರಡು ದಿನ ಸರದಿಯಲ್ಲಿ ನಿಂತು, ಸ್ಕೂಟರಿಗೆಂದು ಒಂದು ತಗಡಿನ ಡಬ್ಬಿ ತುಂಬ ಪೆಟ್ರೋಲ್ ಕೂಡಿಟ್ಟಿದ್ದೆ. ಆಮೇಲೆ ತೀರಾ ಅಡಚಣೆಯಾದಾಗ ಮಾತ್ರ ಒಂದಿಷ್ಟು ಬಗ್ಗಿಸಿಕೊಳ್ಳುತ್ತಿದ್ದೆ. ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು. ಕೂಡಿಡುವುದರಲ್ಲಿ ಒಂದು ಸುಖವಿದೆ ನೋಡಿ. ಊರಿಗೆಲ್ಲ ಇಲ್ಲದಾಗ ನಮ್ಮಲ್ಲಿ ಇದೆ ಎಂಬ ಸುಖ.

ಮನೆಗೆ ಓಡಿದೆ. ಹೆಂಡತಿ ಸುಶೀಲಾ ರೊಟ್ಟಿ ಬಡಿಯುತ್ತಿದ್ದಳು. ನಾನು ಡಬ್ಬಿಯಿಂದ ಡಬ್ಬಿಗೆ ಬಗ್ಗಿಸುವುದನ್ನು ನೋಡಿ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು.

"ಅದನ್ನ ಯಾರಿಗೆ ಒಯ್ಯಾಕತ್ತೀರಿ?"

"ದೋಣಿಗೆ."

"ಬ್ಯಾಡ್ರೀ. ಅದು ಕೆಟ್ಟದ. ಮೊನ್ನಿ ನನ್ನ ರೇಷ್ಮಿ ಸೀರಿ ಕಲಿ ತಗಿಯಾಕ ಅದರಾಗ ಅದ್ದಿದ್ದೆ. ಹಳೀ ಕಲಿ ಹಂಗ ಉಳೀತು, ಅದರ ಸುತ್ತ ಹೊಸಾ ಹಳದಿ ಕಲಿ ಬಿತ್ತು. ಬಣ್ಣದ ಅಂಗಡಿ ಹಂಗ ನಾರ್ತದ. ಮ್ಯಾಲ ಮಾಳಿಗಿ ಸೋರಿ ಆ ಡಬ್ಬಿ ಮ್ಯಾಲ ನೀರು ಬಿದ್ದಾವ."

"ಪೆಟ್ರೋಲ್ ಏನು ಹಾಲೇನ ಕೆಡಾಕ?" ಎಂದೆ.

ಎಷ್ಟು ಚೆಂದದ ಮಾತು! ಆ ಹೊತ್ತಿಗೆ ನನಗೇ ಮೆಚ್ಚುಗೆಯಾಗಿತ್ತು. ನಾಲ್ಕು ಲೀಟರಾಯಿತು. ಮುಚ್ಚಳ ಬಿಗಿದೆ.

ದಂಡೆಗೆ ಬಂದಾಗ ಹತ್ತೂವರೆ. ದುರುಗವ್ವ ಕಾದು ಕೂತಿದ್ದಳು. ಖಾಸಿಂ ಸಾಬರು ಡಬ್ಬಿ ತೆಗೆದುಕೊಂಡು ಮುಚ್ಚಳ ತಿರುವಿ ಮೂಗಿನ ಹತ್ತಿರ ತಂದರು. ಹುಬ್ಬು ಗಂಟಾಯಿತು.

"ಎಲ್ಲಿಂದ ತಂದ್ರಿ ಸಾಬ್?"

ಇಲ್ಲಿ ನಾನು ‘ಮನೆಯಿಂದ’ ಎನ್ನಬಹುದಿತ್ತು. ನಾಲ್ಕೇ ಅಕ್ಷರ. ಖಾಸಿಂ ಸಾಬರು ಬೇಡವೆಂದರೆ ಐಸು ಕರಗುತ್ತದೆ, ದನಗಳು ಸಾಯುತ್ತವೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನಗಿದ್ದದ್ದು ಇನ್ನೊಂದು ಸಂಕಟ. ಹೇಳಿದ ಒಂದು ಕೆಲಸ ಮಾಡಿಲ್ಲ ಎಂದು ಒಬ್ಬ ಮೆಕ್ಯಾನಿಕ್ಕಿನ ಮುಂದೆ ಒಪ್ಪಿಕೊಳ್ಳುವುದು ಹೇಗೆ?

"ಬಂಕಿಂದು," ಎಂದೆ.

"ಬಣ್ಣದ ವಾಸನಿ ಬರಾಕತ್ತದಲ್ರೀ."

"ಡಬ್ಬಿ ವಾಸನಿ ಇರಬೇಕು."

"ಡಬ್ಬಿ ನಾನ ತೊಳದೀನಿ ಸಾಬ್."

"ಅಯ್ಯ, ಖಾಸಿಂ ಸಾಬ್ರ, ಐಸ್ ಕರಗಾಕತ್ತದ! ಹಾಕ್ರಿ ಹಾಕ್ರಿ."

ಅವರು ಆಯಿಲ್ ಅಳೆದು ಬೆರೆಸಿದರು. ಆಲಿಕೆಗೆ ಚರ್ಮ ಹಾಸಲು ಕೈ ಹಾಕಿದರು. ಹನಿ ಹನಿಯಾಗಿ ಇಳಿಯುವುದನ್ನು ಕಾಯುವಷ್ಟು ತಾಳ್ಮೆ ನನಗೆಲ್ಲಿ? "ಬಂಕಿಂದು ಅಂತ ಹೇಳಿದ್ನಲ್ಲ, ಸೋಸೋದು ಯಾಕ?" ಎಂದು ಮತ್ತೊಮ್ಮೆ ಅವಸರ ಮಾಡಿದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಇನ್‌ಶರ್ಟ್ ಮಾಡಿದ ಗೆಜೆಟೆಡ್ ಆಫೀಸರು ಸುಳ್ಳು ಹೇಳುತ್ತಾನೆಯೇ? ಚರ್ಮ ಮಡಿಚಿ ಜೇಬಿಗಿಟ್ಟು, ನೇರವಾಗಿ ಸುರಿದರು.

ಎಂಜಿನ್ ಮೂರನೇ ಎಳೆತಕ್ಕೆ ಚಾಲೂ ಆಯಿತು. ಟ್ಯಾಂಕಿನ ತಳದಲ್ಲಿ ಅವರ ಒಳ್ಳೆಯ ಪೆಟ್ರೋಲ್ ಒಂದಿಷ್ಟು ಉಳಿದಿತ್ತು, ಅದರ ಪುಣ್ಯ. ದೋಣಿ ಹೊರಟಿತು. ತಂಪು ಗಾಳಿ. ಕೆಂಪು ನೀರು. ನೋಡಿದಿರಾ, ಸುಮ್ಮನೆ ಹೆದರಿಸುತ್ತಾರೆ ಈ ಮೆಕ್ಯಾನಿಕ್ಕುಗಳು ಎಂದುಕೊಂಡೆ.

ನಡುಹೊಳೆಯ ಸೆಳವಿಗೆ ಬಂದೆವು. ದೋಣಿ ಕುಲುಕಿತು. ಎಂಜಿನ್ ಒಮ್ಮೆ ಕೆಮ್ಮಿತು. ಮತ್ತೊಮ್ಮೆ ಕೆಮ್ಮಿತು. ನಿಂತೇಹೋಯಿತು.

ಆ ಸದ್ದು ನಿಂತಾಗ ನದಿಯ ಸದ್ದು ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ.

ಖಾಸಿಂ ಸಾಬರು ಹಗ್ಗ ಎಳೆದರು. ಹತ್ತು ಸಲ, ಹದಿನೈದು ಸಲ. ದೋಣಿ ಆಗಲೇ ಅಡ್ಡಡ್ಡವಾಗಿ ತೇಲುತ್ತಾ ಕೆಳಗೆ ಹೋಗುತ್ತಿತ್ತು. ಮುಂದೆ ಎರಡು ಫರ್ಲಾಂಗಿನಲ್ಲಿ ಬಂಡೆಗಳ ಸಾಲು. ನೀರು ಅಲ್ಲಿ ಬೆಳ್ಳಗೆ ನೊರೆಯಾಗುತ್ತಿತ್ತು. ನನಗೆ ಈಜು ಬರುವುದಿಲ್ಲ. (ಮಾನ್ವಿಯಲ್ಲಿ ಹುಟ್ಟಿ ಬೆಳೆದೆ. ತುಂಗಭದ್ರೆ ಹತ್ತಿರದಲ್ಲೇ ಇದ್ದಳು, ನಾನೇ ಹೋಗಿ ಕಲಿಯಲಿಲ್ಲ.)

ದುರುಗವ್ವ ಹುಟ್ಟು ಹಾಕಿ ದೋಣಿಯ ಮೂತಿ ತಿರುಗಿಸಿದಳು. ನೀರಿನಿಂದ ತಲೆ ಎತ್ತಿದ್ದ ಆ ಜಾಲಿ ಮರದ ಕಡೆಗೆ ತನ್ನ ಮೈಯ ಭಾರವನ್ನೆಲ್ಲ ಹಾಕಿ ತಳ್ಳಿದಳು. "ಹಿಡೀರಿ!" ಎಂದು ಕೂಗಿದಳು. ಹಿಡಿದೆ. ಅವಳು ಹಗ್ಗ ಬೀಸಿ ಕೊಂಬೆಗೆ ಸುತ್ತಿ ಕಟ್ಟಿದಳು. ಆದರೂ ಸೆಳವಿಗೆ ದೋಣಿ ತಿರುಗಿ ತಿರುಗಿ ಎಂಜಿನ್ ಮರಕ್ಕೆ ಬಡಿಯತೊಡಗಿತು. ದೋಣಿ ಅಲುಗದಂತೆ ಮರವನ್ನು ಅವುಚಿಕೊಂಡು ನಿಲ್ಲುವ ಕೆಲಸ ನನಗೆ ಬಂತು.

ಖಾಸಿಂ ಸಾಬರು ಎಂಜಿನ್ನಿನ ಕಾರ್ಬುರೇಟರಿನ ತಳದ ಸ್ಕ್ರೂ ಬಿಚ್ಚಿ, ಒಳಗಿದ್ದದ್ದನ್ನು ಅಂಗೈಗೆ ಸುರಿದುಕೊಂಡರು. ಕೈಯನ್ನು ನನ್ನ ಕಣ್ಣಿನ ಮುಂದೆ ತಂದರು. ಕಂದು ಬಣ್ಣದ ಅಂಟಿನಂಥ ದ್ರವ, ಅದರೊಳಗೆ ಸಾಸಿವೆ ಕಾಳಿನಂತೆ ಉರುಳಾಡುವ ನೀರಿನ ಹನಿಗಳು, ಎರಡು ತುಣುಕು ತುಕ್ಕು.

"ಸಾಬ್," ಎಂದರು ಮೆಲ್ಲಗೆ, "ಇದು ಬಂಕಿಂದಲ್ಲ."

ಮರ ತಬ್ಬಿಕೊಂಡೇ ತಪ್ಪೊಪ್ಪಿಕೊಂಡೆ. "ಮನಿಯಾಗ ಇಟ್ಟಿದ್ದೆ ಖಾಸಿಂ ಸಾಬ್ರ. ಹೋದ ದೀಪಾವಳಿಗೆ ತಂದದ್ದು."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಅಂಗೈಯನ್ನು ಲುಂಗಿಗೆ ಒರೆಸಿಕೊಂಡರು, ಅಷ್ಟೇ. ಬೈದವಳು ದುರುಗವ್ವ.

"ಡಾಕ್ಟ್ರ, ದನಾ ತಗೊಂಡು ಬಂದ್ರ ‘ಏನು ತಿನಿಸೀದಿ, ಖರೇ ಹೇಳು’ ಅಂತ ನಮಗ ಜಬರಸ್ತೀರಲ್ಲ. ಮಿಷನ್ನಿಗೆ ನೀವು ಏನು ಕುಡಿಸೀರಿ ಅಂತ ಅವರು ಕೇಳಿದ್ರ ನಿಮಗ ಹೇಳಾಕ ಏನಾಗಿತ್ತು?"

ನಿಜ, ನನ್ನ ಹತ್ತಿರ ಬರುವವರೆಲ್ಲ ಹೀಗೇ. ಹೊಟ್ಟೆ ಉಬ್ಬಿದ ಎತ್ತು ತರುತ್ತಾರೆ. ಏನು ತಿಂದಿತು ಎಂದರೆ, "ಏನಿಲ್ರಿ, ಬರೇ ಹುಲ್ಲು" ಎನ್ನುತ್ತಾರೆ. ಅರ್ಧ ಗಂಟೆ ಒದ್ದಾಡಿದ ಮೇಲೆ, ರಾತ್ರಿ ಹಗ್ಗ ಬಿಚ್ಚಿಕೊಂಡು ಅರ್ಧ ಚೀಲ ಜೋಳ ಮುಕ್ಕಿದ್ದು ಹೊರಬೀಳುತ್ತದೆ. ಅವರಿಗೆ ನಾನು ಎಷ್ಟು ಉಪದೇಶ ಮಾಡಿದ್ದೇನೆ! ಗುಣ ಮಾಡುವವನ ಮುಂದೆಯೇ ನಾವು ಯಾಕೆ ಇಷ್ಟು ಸುಳ್ಳು ಹೇಳುತ್ತೇವೆ? ನಾಚಿಕೆಗೇ? ಅಥವಾ ಗುಣವಾದರೆ ಸಾಕು, ಮಾನ ಹೋಗಬಾರದು ಎಂದೇ?

ಅಷ್ಟರಲ್ಲಿ ಖಾಸಿಂ ಸಾಬರು ತಾವು ಕೂರುವ ಹಲಗೆಯ ಕೆಳಗೆ ಕೈ ಹಾಕಿ, ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಗಾಜಿನ ಬಾಟ್ಲಿ ತೆಗೆದರು. ಒಂದು ಲೀಟರ್ ಪೆಟ್ರೋಲ್, ಆಯಿಲ್ ಬೆರೆಸಿದ್ದು, ತಾಜಾ.

"ಅದು ಇತ್ತಲ್ರೀ, ಮೊದಲ ಹಾಕಬೇಕಿಲ್ಲೇನು?" ಎಂದೆ.

"ಇದು ದಂಡಿ ಬಿಡಾಕಲ್ಲ ಸಾಬ್. ದಂಡಿ ಮುಟ್ಟಾಕ."

ಆಮೇಲೆ ಅವರ ಕೈಗಳನ್ನು ನೋಡಬೇಕಿತ್ತು. ಟ್ಯಾಂಕಿನಲ್ಲಿದ್ದ ನನ್ನ ಖಜಾನೆಯನ್ನು ಒಂದು ಹನಿ ಹೊಳೆಗೆ ಬೀಳದಂತೆ ಮತ್ತೆ ಡಬ್ಬಿಗೆ ಇಳಿಸಿದರು. ("ಮೀನಿಗೂ ಬ್ಯಾಡ ಇದು" ಎಂದರು.) ಒಣ ಬಟ್ಟೆಯಿಂದ ಟ್ಯಾಂಕಿನ ಒಳಗೆ ಒರೆಸಿದರು. ಪೈಪಿಗೆ ಬಾಯಿಟ್ಟು ಊದಿದರು, ಉಗುಳಿದರು, ಮತ್ತೆ ಊದಿದರು. ಪ್ಲಗ್ ಬಿಚ್ಚಿ ಲುಂಗಿಯ ಅಂಚಿಗೆ ತಿಕ್ಕಿದರು. ಕಡೆಗೆ ಆಲಿಕೆ ಇಟ್ಟು, ಜೇಬಿನಿಂದ ಆ ಚರ್ಮ ತೆಗೆದು ಹಾಸಿದರು. ತಾವೇ ಬೆರೆಸಿದ್ದು, ತಾವೇ ಬಾಟ್ಲಿಗೆ ತುಂಬಿದ್ದು. ಆದರೂ ಸೋಸಿದರು. ನಡುಹೊಳೆಯಲ್ಲಿ, ಕೆಳಗೆ ಬಂಡೆ ಕಾಯುತ್ತಿರುವಾಗ, ಹನಿ ಹನಿಯಾಗಿ.

ಈ ಸಲ ಅವಸರ ಮಾಡುವ ಬಾಯಿ ನನಗಿರಲಿಲ್ಲ.

ಹಗ್ಗ ಎಳೆದರು. ಇಲ್ಲ. ಎಳೆದರು. ಇಲ್ಲ. ನನ್ನ ಎಡಗೈಯಿಂದ ರಕ್ತ ಮೊಣಕೈವರೆಗೆ ಇಳಿದಿತ್ತು. ದುರುಗವ್ವ ಐಸ್ ಡಬ್ಬಿಗೆ ಬಿಸಿಲು ಬೀಳದಂತೆ ಸೆರಗು ಮುಚ್ಚಿ ಅದರ ಪಕ್ಕ ಕೂತಳು. "ಖಾಸಿಮಣ್ಣ, ನನ್ನ ಎಮ್ಮಿ ಹೆಸರು ತಗೊಂಡು ಎಳಿ" ಎಂದಳು.

"ಏನವ್ವಾ ಅದರ ಹೆಸರು?"

"ಗೌರಿ."

ಖಾಸಿಂ ಸಾಬರು ನಕ್ಕರು. "ಬಿಸ್ಮಿಲ್ಲಾ, ಗೌರಿ!" ಎಂದು ಎಳೆದರು.

ಹತ್ತಿಕೊಂಡಿತು! ಒಂದು ಮುಷ್ಟಿ ಬಿಳಿ ಹೊಗೆ, ಆಮೇಲೆ ಆ ಟಕಟಕ ಸದ್ದು. ಜೀವನದಲ್ಲಿ ಅಷ್ಟು ಇಂಪಾದ ಸಂಗೀತ ಕೇಳಿಲ್ಲ. ಮೂವರೂ ಒಟ್ಟಿಗೆ ಕೂಗಿದೆವು. ದುರುಗವ್ವ ಕೊಂಬೆಯ ಹಗ್ಗ ಬಿಚ್ಚಿದಳು, ನಾನು ಮರ ಬಿಟ್ಟೆ. ಮರವೇ ನನ್ನ ಅಂಗಿಯನ್ನು ಬಿಡಲಿಲ್ಲ, ಅರ್ಧ ತೋಳು ಅಲ್ಲೇ ಉಳಿಯಿತು.

ನಡುಗಡ್ಡೆಯ ದಂಡೆ ಮುಟ್ಟಿ ಡಬ್ಬಿ ತೆರೆದಾಗ ಐಸು ಅಡಿಕೆಯಷ್ಟು ಗಾತ್ರದ ಚೂರುಗಳಾಗಿತ್ತು, ಆದರೆ ಇತ್ತು. ಲಸಿಕೆ ತಣ್ಣಗಿತ್ತು. ಮೂರು ಗಂಟೆಯೊಳಗೆ ಊರಿನ ದನಗಳಿಗೆಲ್ಲ ಚುಚ್ಚಿದೆ. ಜ್ವರ ಬಂದ ಏಳಕ್ಕೆ ಬೇರೆ ಇಂಜೆಕ್ಷನ್. ಅದರಲ್ಲಿ ಗೌರಿಯೂ ಒಬ್ಬಳು. ಕಿವಿ ಜೋತು, ಜೊಲ್ಲು ಸುರಿಸುತ್ತಾ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ದುರುಗವ್ವ ಅವಳ ಕೊರಳು ಹಿಡಿದುಕೊಂಡಿದ್ದಳು. "ಉಳೀತಾಳೇನ್ರಿ?" ಎಂದಳು. ನಾನು ಗೊತ್ತಿಲ್ಲ ಎಂದೆ. ಒಂದು ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು.

ಶುಕ್ರವಾರ ಸುದ್ದಿ ಬಂತು. ಊರಿನಲ್ಲಿ ಮತ್ತೆ ಒಂದೇ ಒಂದು ಕರು ಸತ್ತಿದೆ, ಉಳಿದವೆಲ್ಲ ಆರಾಮ. ಗೌರಿ ಮೇವು ತಿನ್ನುತ್ತಿದ್ದಾಳೆ. ಖಾಸಿಂ ಸಾಬರೇ ಮನೆಗೆ ಬಂದು ಹೇಳಿದರು. ಸುಶೀಲಾ ಚಹಾ ಕೊಟ್ಟು, ಸೀರೆಯ ಹಳದಿ ಕಲೆ ತಂದು ತೋರಿಸಿದಳು. ಅವರು ಕಲೆಯನ್ನು ಬೆಳಕಿಗೆ ಹಿಡಿದು, ಡಾಕ್ಟರು ಎಕ್ಸರೇ ನೋಡಿದಂತೆ ನೋಡಿದರು.

"ಅಮ್ಮಾರ, ಇದ ನೋಡ್ರಿ ಅಂಟು. ಪೆಟ್ರೋಲ್ ಇಟ್ಟಲ್ಲೇ ಹಾರಿಹೋಗಿ, ಹಿಂದ ಇದು ಉಳೀತದ. ಸೀರಿ ಮ್ಯಾಲ ಕಲಿ, ಎಂಜಿನ್ ಒಳಗ ಗೋಂದು."

"ನಾ ಹೇಳಿದ್ದೆ ಅಣ್ಣಾ. ಹಾಲೇನ ಕೆಡಾಕ ಅಂದ್ರು."

"ಹಾಲು ಛಲೋ ಅಮ್ಮಾರ. ಒಡದ್ರ ಕಣ್ಣಿಗಾದರೂ ಕಾಣಿಸ್ತದ."

ಇಬ್ಬರೂ ನನ್ನನ್ನು ನೋಡದೆ ನಕ್ಕರು. ಖಾಸಿಂ ಸಾಬರು ಎದ್ದು, ಅಂಗಳದಲ್ಲಿದ್ದ ನನ್ನ ಸ್ಕೂಟರಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದರು. ಆರು ತಿಂಗಳಿಂದ ಅದಕ್ಕೆ ಕೆಮ್ಮು. ಮಾನ್ವಿಯ ಮೆಕ್ಯಾನಿಕ್ ಮೂರು ಸಲ ಪ್ಲಗ್ ಬದಲಿಸಿದ್ದ, ನಾನು ಅವನಿಗೆ ಕೆಲಸ ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಖಾಸಿಂ ಸಾಬರು ಮುಚ್ಚಳ ಹಾಕಿ, "ಪಾಪ" ಎಂದರು. ಸ್ಕೂಟರಿಗೋ ಆ ಮೆಕ್ಯಾನಿಕ್ಕಿಗೋ ಕೇಳಲಿಲ್ಲ. ಬರುವ ಭಾನುವಾರ ಮಾನ್ವಿಗೆ ಹೋಗಿ ಅವನ ಕ್ಷಮೆ ಕೇಳುವುದಿದೆ.

ಇನ್ನೊಂದು ಕೆಲಸ ನಿನ್ನೆ ಮುಗಿಸಿದೆ. ದೋಣಿಗೊಂದು ಲಾಗ್ ಬುಕ್ ಇದೆ. ಅದರಲ್ಲಿ ‘ವಿಳಂಬಕ್ಕೆ ಕಾರಣ’ ಎಂಬ ಒಂದು ಕಾಲಂ. ಮಂಗಳವಾರದ ಸಾಲಿನಲ್ಲಿ ಕಚೇರಿಯ ಗುಮಾಸ್ತರು ಆಗಲೇ ದುಂಡಗೆ ಬರೆದುಬಿಟ್ಟಿದ್ದರು: ‘ತಾಂತ್ರಿಕ ದೋಷ.’

"ಇದು ತಪ್ಪು," ಎಂದೆ. "ಹಿಂಗ ಬರದ್ರ ಎಂಜಿನ್ ನೋಡಿಕೊಳ್ಳೋರ ತಲಿಗೆ ಬರ್ತದ. ಅದನ್ನ ಹೊಡದು ಹಾಕ್ರಿ. ‘ಪಶುವೈದ್ಯರು ಹಳೆಯ ಪೆಟ್ರೋಲ್ ತಂದು, ಹೊಸದೆಂದು ಸುಳ್ಳು ಹೇಳಿದ್ದರಿಂದ’ ಅಂತ ಬರೀರಿ. ಕೆಳಗ ಸಹಿ ಮಾಡ್ತೀನಿ."

ಗುಮಾಸ್ತರು ಪೆನ್ನು ಕೆಳಗಿಟ್ಟು, ನನಗೆ ಜ್ವರವಿದೆಯೇ ಎಂಬಂತೆ ನೋಡಿದರು. "ಡಾಕ್ಟ್ರ, ಇಷ್ಟು ವರ್ಷ ಸರ್ವೀಸ್ ಮಾಡೀನಿ. ಇಂಥಾ ಕಾರಣ ಯಾರೂ ಬರಸಿಲ್ರಿ. ಎಲ್ಲಾರೂ ತಾಂತ್ರಿಕ ದೋಷನ ಬರಸೋದು."

ಕಡೆಗೂ ಬರೆಸಿದೆ, ಸಹಿ ಮಾಡಿದೆ, ಹೊರಗೆ ಬಂದೆ. ಆದರೆ ಅವರ ಮಾತು ತಲೆಯಿಂದ ಹೋಗುತ್ತಿಲ್ಲ. ಈ ದೇಶದ ಲಾಗ್ ಬುಕ್ಕುಗಳಲ್ಲಿ ತಣ್ಣಗೆ ಕೂತಿರುವ ಅಷ್ಟೊಂದು ತಾಂತ್ರಿಕ ದೋಷಗಳಲ್ಲಿ, ಇನ್‌ಶರ್ಟ್ ಮಾಡಿಕೊಂಡು ಮನೆಗೆ ಹೋಗಿ ಊಟ ಮಾಡಿ ಮಲಗಿದವು ಎಷ್ಟಿರಬಹುದು?